ಐಸಿನ ಲೆಕ್ಕ

ಐಸು ಬರುವ ಮೊದಲು
ಮೀನಿಗೆ ಒಂದು ಹಗಲಿನ ಆಯುಷ್ಯ.
ಸತ್ತ ಮೇಲಿನ ಆಯುಷ್ಯ, ಅನ್ನುತ್ತಿದ್ದಳು ಅಜ್ಜಿ,
ಬದುಕಿದ್ದಾಗಿನದ್ದು ಕಡಲಿಗೇ ಗೊತ್ತು.

ಅಷ್ಟರೊಳಗೆ ಓಡಬೇಕು.
ಮಲ್ಪೆಯ ಹೊಯಿಗೆಯಿಂದ ಆದಿಉಡುಪಿ ದಾಟಿ ಪೇಟೆಗೆ,
ತಲೆಯ ಮೇಲೆ ಕುಕ್ಕೆ, ಕುಕ್ಕೆಯಿಂದ ಕೆನ್ನೆಗೆ
ಬೂತಾಯಿಯ ನೀರು ತೊಟಕ್ ತೊಟಕ್.
ಬಾಗಿ ಮರಕಾಲ್ತಿ ನಡೆದದ್ದನ್ನು ಕಂಡವರಿಲ್ಲ.
ಬಿಸಿಲು ಅವಳಿಗಿಂತ ಎರಡೇ ಹೆಜ್ಜೆ ಹಿಂದೆ.
ಬಿಸಿಲು ಗೆದ್ದ ದಿನ ಅರ್ಧ ಕ್ರಯ,
ಮಧ್ಯಾಹ್ನ ಕಳೆದರೆ ತೆಂಗಿನ ಬುಡಕ್ಕೆ.

ಗಂಡಸರೂ ಹಾಗೆಯೇ,
ಬೆಳಗಿನ ಜಾವ ದೋಣಿ, ಸಂಜೆಗೆ ಮನೆ.
ಮೀನು ಕೆಡುತ್ತದೆ ಎಂಬ ಒಂದೇ ಹಗ್ಗ
ಅವರನ್ನು ದಡಕ್ಕೆ ಎಳೆದು ತರುತ್ತಿತ್ತು.
ಹೆಂಡತಿಯ ಮೇಲಿನ ಪ್ರೀತಿ ಅಂತ
ಕೆಲವರು ತಪ್ಪು ತಿಳಿದಿದ್ದರು.
ಅಜ್ಜಿಯೂ ಒಬ್ಬಳು.

ಆಮೇಲೆ ಬಂದರಿನ ಹಿಂದೆ
ಕಿಟಕಿಯಿಲ್ಲದ ಒಂದು ಕಟ್ಟಡ ಎದ್ದಿತು.
ಒಳಗೆ ಹಗಲೂ ರಾತ್ರಿ ಗುಂಯ್,
ಮೂಗಿಗೆ ಹೊಡೆವ ಅಮೋನಿಯಾ,
ಉಪ್ಪುನೀರಲ್ಲಿ ಕುತ್ತಿಗೆವರೆಗೆ ನಿಂತ ತಗಡಿನ ಡಬ್ಬಿಗಳು.
ಮೊದಲ ಗಡ್ಡೆ ಜಾರುಹಲಗೆಯಲ್ಲಿ ಸರ್ರನೆ ಇಳಿದಾಗ
ಇಡೀ ಬಂದರು ಮುಟ್ಟಿ ನೋಡಿತಂತೆ.
‘ಸುಡುತ್ತದೆ’ ಅಂದಳು ಅಜ್ಜಿ, ಕೈ ಹಿಂದೆ ತೆಗೆದು.
ಆ ಮಾತಿಗೆ ನಕ್ಕವರು ಯಾರೂ ಈಗಿಲ್ಲ.

ಬೋಟುಗಳು ಹೊಟ್ಟೆ ತುಂಬ ಐಸು ಹೊತ್ತು ಹೊರಟವು.
ಒಂದು ಸಂಜೆ ಮೂರಾಯಿತು, ಮೂರು ಹತ್ತಾಯಿತು.
ಕಾರವಾರದಾಚೆ, ಗೋವೆಯಾಚೆ, ರತ್ನಾಗಿರಿಯ ದೀಪ ಕಾಣುವಲ್ಲಿ
ಅಪ್ಪ ಬಲೆ ಎಳೆಯುತ್ತಿದ್ದಾಗ
ನನಗೆ ಹಲ್ಲು ಬಂತು, ಬಿತ್ತು, ಮತ್ತೆ ಬಂತು.

ಅಜ್ಜಿ ಮಾತ್ರ ಐಸಿನ ಮೀನು ಮಾರಲಿಲ್ಲ.
‘ಕಣ್ಣು ನೋಡು,’ ಅಂಜಲಿನ ಕಿವಿರು ಎತ್ತಿ ಅನ್ನುತ್ತಿದ್ದಳು,
‘ಯಾವ ವಾರ ಸತ್ತದ್ದು ಅಂತ ಇದಕ್ಕೇ ನೆನಪಿಲ್ಲ.’
ನಾನು ಕೇಳಲಿಲ್ಲ. ಸ್ಕೂಟರಿನ ಹಿಂದೆ ಥರ್ಮಕೋಲ್ ಪೆಟ್ಟಿಗೆ,
ಮಣಿಪಾಲದ ಫ್ಲ್ಯಾಟುಗಳಿಗೆ ಹನ್ನೊಂದಕ್ಕೂ ಹೋಗುತ್ತೇನೆ,
ನಾಲ್ಕಕ್ಕೂ ಹೋಗುತ್ತೇನೆ.
ಚೌಕಾಶಿ ಹೆಚ್ಚಾದರೆ ಮುಚ್ಚಳ ಹಾಕಿ
‘ಬೇಡವಾದರೆ ಬಿಡಿ’ ಅನ್ನುತ್ತೇನೆ.
ಇದೊಂದು ಮಾತು ಅಜ್ಜಿಗೆ
ಜನ್ಮವಿಡೀ ಹೇಳಲಾಗಿರಲಿಲ್ಲ.
ಬಿಸಿಲು ಹೇಳಗೊಡುತ್ತಿರಲಿಲ್ಲ.

ಬೊಂತೇಲಿನ ಒಂದು ಬುಧವಾರ
ಗಂಜಿಯ ಬಟ್ಟಲೆದುರು ಕೂತಲ್ಲೇ ವಾಲಿದಳು.
ಅಪ್ಪ ಹೋಗಿ ಆರು ದಿನ.
ವೈರ್‌ಲೆಸ್ಸಿನಲ್ಲಿ ಒಂದು ಬೋಟು ಇನ್ನೊಂದಕ್ಕೆ,
ಇನ್ನೊಂದು ಮತ್ತೊಂದಕ್ಕೆ ಕೂಗಿ ದಾಟಿಸಿದ ಸುದ್ದಿ
ಅವನಿಗೆ ಮುಟ್ಟುವಾಗ ಇಷ್ಟೇ ಉಳಿದಿತ್ತು:
‘ಅಮ್ಮ. ಬೇಗ.’
ಬೇಗ ಅಂದರೆ ಎರಡು ಹಗಲು, ಒಂದೂವರೆ ರಾತ್ರಿ.

ಮುಂಚೆ ಹೀಗೆ ಕಾಯುವ ಪದ್ಧತಿ ಇರಲಿಲ್ಲ,
ಹೆಣಕ್ಕೂ ಮೀನಿಗೂ ಒಂದೇ ಗಡಿಯಾರ.
ಚಾವಡಿಯ ಹಿರಿಯರು ನನ್ನ ಮುಖ ನೋಡಿದರು.
ನಾನು ಸ್ಕೂಟರ್ ತೆಗೆದೆ.

ನಾಲ್ಕು ಗಡ್ಡೆ. ಮರದ ಹೊಟ್ಟು, ಒದ್ದೆ ಗೋಣಿ.
ಪ್ಲಾಂಟಿನ ಹುಡುಗರು ಚಪ್ಪಲಿ ಹೊರಗೆ ಬಿಟ್ಟು ಹೊತ್ತು ತಂದರು.
ಒಬ್ಬ ರೂಢಿಯಲ್ಲಿ ಕೇಳಿಯೇಬಿಟ್ಟ,
‘ಪುಡಿ ಮಾಡುವುದೋ, ಹಾಗೇ ಇರಲೋ?’
ಹಾಗೇ ಇರಲಿ ಅಂದೆ.
ರಾತ್ರಿಯಿಡೀ ಸೆರಗಿನ ತುದಿಯಿಂದ ನೆಲಕ್ಕೆ ತೊಟಕ್ ತೊಟಕ್.
ಬಾಗಿ ಮರಕಾಲ್ತಿ ಎಲ್ಲಿಗೂ ಓಡದೆ ಮಲಗಿದ್ದಳು,
ಕೆನ್ನೆ ಒದ್ದೆ.

ಅಪ್ಪ ಬಂದ.
ಐಸಿನ ಮೇಲೆ ಕೈ ಇಟ್ಟ. ತೆಗೆಯಲಿಲ್ಲ.

ಬೊಜ್ಜ ಮುಗಿದ ಮರುದಿನ ದುಡ್ಡು ಕೊಡಲು ಹೋದೆ.
ರೈಟರ್ ಬೊನಿಫಾಸ್ ಪುಸ್ತಕ ತಿರುಗಿಸಿ ತೋರಿಸಿದರು:
ಜಯಗಂಗಾ, ನಾಲ್ಕು ಗಡ್ಡೆ, ಬೋಟಿನ ಖಾತೆಗೆ.
‘ನಿನ್ನ ಅಪ್ಪನ ಟ್ರಿಪ್ಪಿಗೇ ಬರೆದೆ ಮಾರಾಯ್ತಿ,
ಬೇರೆ ಕಾಲಮ್ಮು ಇದರಲ್ಲಿ ಇಲ್ಲ.’
ಹೊರಗೆ ಪುಡಿ ಮಾಡುವ ಮಿಷನ್ನು ಶುರುವಾಯಿತು,
ನನ್ನ ಪೆಟ್ಟಿಗೆಗೂ ಎರಡು ಬುಟ್ಟಿ ಹಾಕಿಸಿಕೊಂಡೆ.
ಬಿಸಿಲೇರಿತ್ತು. ಅವಸರವೇನೂ ಇರಲಿಲ್ಲ.
ಆದರೂ ಆದಿಉಡುಪಿಯವರೆಗೆ
ಸ್ಕೂಟರನ್ನು ಓಡಿಸಿಯೇ ಓಡಿಸಿದೆ.