ಏಳನೆಯ ಕಾಲಮ್ಮು

ಮತ್ರಾ ಮೀನು ಮಾರುಕಟ್ಟೆಯ ಹಿಂದೆ
ದೋಣಿಗಳಿಗೆ ಬೆನ್ನು ಹಾಕಿ ನಿಂತ
ಆರು ಬಾಗಿಲಿನ ಕಟ್ಟಡ. ಇವತ್ತಿನ ಮೊದಲ ತಪಾಸಣೆ.
ಬೆಳಿಗ್ಗೆ ಏಳೂವರೆಗೇ ಗೋಡೆ ಕೈ ಸುಡುತ್ತದೆ.

ಕೊರಳಲ್ಲಿ ಗುರುತುಚೀಟಿ, ಕೈಯಲ್ಲಿ ಹದಿನಾಲ್ಕು ಕಾಲಮ್ಮಿನ ಹಾಳೆ.
ಎಲ್ಲಾ ಸರಿಯಿದ್ದರೆ ಬಾಗಿಲಿಗೆ ಅಂಟಿಸಲು
ಚೀಲದಲ್ಲಿ ಹಸಿರು ನಕ್ಷತ್ರವಿದೆ,
ಮಕ್ಕಳ ನೋಟುಬುಕ್ಕಿಗೆ ಟೀಚರು ಅಂಟಿಸುತ್ತಾರಲ್ಲ,
ಅದಕ್ಕಿಂತ ಸ್ವಲ್ಪ ದೊಡ್ಡದು.

ನೆಲ ಒಣಗಿದೆಯೆ: ಒಣಗಿದೆ.
ಕೊಕ್ಕೆ: ಇದೆ, ನಾಲ್ಕನೆಯ ಬಾಗಿಲಿನದು ಸಡಿಲ.
ಸೋಪು: ಇದೆ.
ಬಿಳಿ ಬಟ್ಟೆಯಲ್ಲಿ ಅಂಚು ಒರೆಸಿದೆ,
ಬಟ್ಟೆ ಬಿಳಿಯಾಗಿಯೇ ಮರಳಿತು.
ನೀರಿನ ಪೈಪನ್ನು ಮೊಳೆಗೆ ಸುತ್ತಿಟ್ಟದ್ದು
ಯಾರೋ ಕೂತು ಜಡೆ ಹೆಣೆದಷ್ಟು ಅಚ್ಚುಕಟ್ಟು.

ಏಳನೆಯದು, ದುರ್ವಾಸನೆ: ಇದೆ / ಇಲ್ಲ.

ಮೂರು ವರ್ಷದ ಹಿಂದೆ ಹನ್ನೊಂದು ದಿನ ಜ್ವರ ಬಂತು,
ಹೋಗುವಾಗ ನನ್ನ ಮೂಗನ್ನು ಕೊಂಡೊಯ್ದಿತು.
ಮೂಗಿದೆ, ಕನ್ನಡಕ ಕೂರುವುದು ಅದರ ಮೇಲೆಯೇ.
ಒಳಗೆ ಯಾರೂ ಇಲ್ಲ.
ಗಂಗೊಳ್ಳಿಯಲ್ಲಿ ಹುಟ್ಟಿದವ ನಾನು,
ಹತ್ತು ಮಾರು ಆಚೆ ಬೈಗೆ ಮೀನಿನ ರಾಶಿ ಬಿದ್ದಿದ್ದರೂ
ನನಗದು ಬರೀ ಹೊಳೆಯುವ ತಗಡು.

ಡಾಕ್ಟರಿಗೆ ಹೇಳಿದ್ದೇನೆ. ಹೆಂಡತಿಗೂ.
ಆಫೀಸಿಗೆ ಹೇಳಿಲ್ಲ.
ವೀಸಾದಲ್ಲಿರುವ ಹುದ್ದೆ, ನೈರ್ಮಲ್ಯ ಪರೀಕ್ಷಕ;
ಮೂಗಿಲ್ಲದವ ಮೂಗಿನ ಸಂಬಳ ತಿನ್ನುತ್ತಿದ್ದೇನೆ.
ಇಷ್ಟು ದಿನ ಉಳಿದ ಹದಿಮೂರನ್ನು ನೋಡಿ
ಏಳಕ್ಕೆ ಅಂದಾಜಿನ ಟಿಕ್ಕು ಹಾಕಿದೆ,
ಕಣ್ಣಿಗೆ ಚೊಕ್ಕ ಕಂಡದ್ದು ಮೂಗಿಗೂ ಚೊಕ್ಕವೆಂದು.

ಮೊಫಿಜುಲ್ ಬಾಗಿಲ ಬಳಿ ನಿಂತಿದ್ದಾನೆ, ನೋವಾಖಾಲಿಯವ.
ಗೋಡೆಯ ಚೀಟಿಯಲ್ಲಿ ಅರ್ಧರ್ಧ ಗಂಟೆಗೆ ಅವನ ಸಹಿ,
ಮೂರು ಮಾತ್ರ ಕೆಂಪು ಪೆನ್ನು.
ನಕ್ಷತ್ರ ಸಿಕ್ಕರೆ ಅವನಿಗೆ ತಿಂಗಳಿಗೆ ಐದು ರಿಯಾಲ್ ಜಾಸ್ತಿ.
ಅದು ಇಬ್ಬರಿಗೂ ಗೊತ್ತು.

ಇವತ್ತು ಯಾಕೋ, ಪೆನ್ನು ಎತ್ತಿದವ ಕೇಳಿಬಿಟ್ಟೆ,
ಇಲ್ಲಿನವರೆಲ್ಲ ಆಡುವ ಆ ಮುರುಕು ಹಿಂದಿಯಲ್ಲಿ:
ವಾಸನೆ ಇದೆಯಾ?

ಅವನು ನನ್ನ ಮುಖ ನೋಡಿದ. ಪೆನ್ನು ನೋಡಿದ.
ಹೊರಗೆ ಯಾರೋ ಮಂಜುಗಡ್ಡೆ ಒಡೆಯುತ್ತಿದ್ದರು.
ಇದೆ ಸಾಬ್, ಎಂದ.
ನಾಲ್ಕನೆಯದರಲ್ಲಿ. ಸ್ವಲ್ಪ.
ನಿಮಗೆ ಬರಲಿಲ್ಲವೆ?

ಉತ್ತರಕ್ಕೆ ಕಾಯದೆ ಮಗ್ಗಿನಲ್ಲಿ ನೀರು ಹಿಡಿದು ಹೋದ,
ಮೂಲೆಯ ಜಾಲರಿ ಎತ್ತಿ ಮೆಲ್ಲಗೆ ಹೊಯ್ದ.
ಈ ಸೆಕೆಗೆ ಕೊಳವೆಯ ಬಾಗಿನಲ್ಲಿ ನಿಂತ ನೀರು ಆರುತ್ತದಂತೆ,
ಆರಿದರೆ ಕೆಳಗಿನದು ಮೇಲೆ ಬರುತ್ತದಂತೆ.
ಕೊಕ್ಕೆ ಸಡಿಲವೆಂದು ಇದರೊಳಗೆ ಯಾರೂ ಹೋಗುವುದಿಲ್ಲ ಸಾಬ್,
ಅದಕ್ಕೇ ಒಣಗಿತು.

ಐದು ನಿಮಿಷ ಸುಮ್ಮನೆ ನಿಂತೆವು.
ಈಗ? ಎಂದೆ.
ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದ.
ಆ ಜಾಗದಲ್ಲಿ ಅಷ್ಟು ನಿಧಾನ ಉಸಿರೆಳೆದವರನ್ನು ನಾನು ಕಂಡಿಲ್ಲ.
ಈಗ ಇಲ್ಲ.

ಇದೆಗೂ ಇಲ್ಲಕ್ಕೂ ನಡುವೆ ಹಾಳೆಯಲ್ಲಿ ಜಾಗವಿಲ್ಲ.
ಅಂಚಿನಲ್ಲಿ ಬರೆದೆ: ಇತ್ತು.
ಕೇಳುತ್ತಾರೆ, ಯಾರ ಮೂಗಿಗೆ ಎಂದು. ಕೇಳಲಿ.

ಮೊಫಿಜುಲ್ ನನ್ನ ಕೀಲಿಗೊಂಚಲು ಇಸಿದುಕೊಂಡು
ಅದರ ತುದಿಯಲ್ಲಿ ಕೊಕ್ಕೆಯ ಸ್ಕ್ರೂ ತಿರುಗಿಸುತ್ತಿದ್ದ.
ಕಟ್ಟಕಡೆಯ ಸಾಲು, ಪರೀಕ್ಷಿಸಿದವರು.
ಒಂದು ಹೆಸರಿಗಾಗುವಷ್ಟೇ ಜಾಗ.
ನನ್ನದನ್ನು ಚಿಕ್ಕದಾಗಿ ಬರೆದೆ.