ಕೆಂಪು ಬೊಟ್ಟು

ತಿರುಪು ಒಂಬತ್ತು. ಹತ್ತನೆಯದು ಯಾವಾಗಲೂ ಕಳೆದಿರುತ್ತದೆ.
ಮುಚ್ಚಳ ಎತ್ತಿದರೆ ಮೊದಲು ಬರುವುದು ವಾಸನೆ:
ನಲವತ್ತು ವರ್ಷದ ಧೂಳು, ಯಾರದೋ ಸಿಗರೇಟು,
ಯಾವ ಮದುವೆಯಲ್ಲೋ ಚೆಲ್ಲಿದ ಸಿಹಿ ಮದ್ಯ.
ಟೂರಿನ್ನಿನ ಈ ನೆಲಮಾಳಿಗೆಗೆ ಇಳಿದು ಬಂದ
ಹದಿನೇಳನೆಯ ಓರ್ನಾ ಇದು.
ಎಲ್ಲಿ ನೋಡಬೇಕೆಂದು ಗೊತ್ತು ನನಗೆ.
ಬಲಮೂಲೆ, ಮೂರನೆಯ ಹಲಗೆ,
ಶ್ರುತಿಯ ಪುಟ್ಟ ತಿರುಗಣೆಯ ನೆತ್ತಿಗೆ
ಒಂದು ಕೆಂಪು ಬೊಟ್ಟು.

ಓರೆಸ್ತೆ, ನಜ್ಜರೇನೊ. ಭಾವ, ಮೈದುನ.
ಅವನಿಂದ ಓರ್, ಇವನಿಂದ ನಾ.
ಯಾರದು ಮೊದಲು ಎಂಬ ಜಗಳಕ್ಕೆ
ಒಂದಿಡೀ ಚಳಿಗಾಲ ಖರ್ಚಾಯಿತಂತೆ.
ಆಡ್ರಿಯಾಟಿಕ್ ಕಾಣುವ ಗುಡ್ಡದ ಊರು,
ಊರಿಗೆ ಊರೇ ಅಕಾರ್ಡಿಯನ್ನಿನ ಕೂಲಿ.
ಈ ಬೀದಿಯವರು ತಿದಿ ಮಡಿಸಿದರೆ
ಆ ಬೀದಿಯವರು ಗುಂಡಿ ಕೂರಿಸುವರು;
ಹೆಂಗಸರು ಅಡುಗೆಮನೆಯ ಮೇಜಿನ ಮೇಲೆ
ಉಕ್ಕಿನ ನಾಲಗೆಗಳಿಗೆ ಅರ ಹಿಡಿದು
ಮಾತು ಕಲಿಸುವರು.

ಆಮೇಲೆ ಹುಡುಗರಿಗೆ ಗಿಟಾರ್ ಬೇಕಾಯಿತು.

ಗಾಳಿಯ ಕಾಲ ಮುಗಿಯಿತು, ಅಂದ ಓರೆಸ್ತೆ,
ಇನ್ನು ಕರೆಂಟು ಉಸಿರಾಡಲಿ.
ಕೋಳಿ ಸಾಕುತ್ತಿದ್ದ ಶೆಡ್ಡು. ಮಿಲಾನಿನಿಂದ
ಹಿಟ್ಟಿನ ಚೀಲದಲ್ಲಿ ಟ್ರಾನ್ಸಿಸ್ಟರು.
ಎಪ್ಪತ್ತೆರಡರಲ್ಲಿ ಮೊದಲ ಯಂತ್ರ.
'ಮನುಷ್ಯ ಧ್ವನಿ' ಎಂದು ಬರೆದ ಗುಂಡಿ ಒತ್ತಿದರೆ
ನೆಗಡಿಯಾದ ಬೆಕ್ಕು.
ಹೆತ್ತವರಿಗೆ ಹೆಗ್ಗಣ ಮುದ್ದು:
ನಜ್ಜರೇನೊ ಕೇಳಿ ಕಣ್ಣೊರೆಸಿಕೊಂಡನಂತೆ.

ಶ್ರುತಿ ನೋಡಲು ಮಾಪಕವಿತ್ತು,
ಜರ್ಮನಿಯದು, ಹಸಿರು ಕಣ್ಣಿನದು.
ಅದರ ಮೇಲೆ ಬಟ್ಟೆ ಹೊದಿಸಿಟ್ಟವಳು ದೆರ್ನಾ.
ಹದಿಮೂರಕ್ಕೆ ಅರ, ಐವತ್ತಕ್ಕೆ ಬೆಸುಗೆಕಡ್ಡಿ.
ಯಂತ್ರ ಬಿಸಿಯಾಗುವ ತನಕ ಮುಟ್ಟಳು.
"ತಣ್ಣಗಿರುವಾಗ ಎಲ್ಲರೂ ಸುಳ್ಳು ಹೇಳುತ್ತಾರೆ" ಎಂದಳು ನನಗೆ,
ಎಪ್ಪತ್ತಾರರ ಮುದುಕಿ, ಬಟಾಣಿ ಸುಲಿಯುತ್ತ.
"ಅಕಾರ್ಡಿಯನ್ನಿನಲ್ಲಿ ಒಂದು ಸ್ವರಕ್ಕೆ ಎರಡು ನಾಲಗೆ.
ಎರಡೂ ಒಂದೇ ಮಾತಾಡಿದರೆ ಹಾಡಲ್ಲ, ಹಾಜರಿ.
ಕೂದಲೆಳೆ ಆಚೀಚೆ ಇಡಬೇಕು,
ನಡುವೆ ಗಾಳಿ ಆಡಬೇಕು.
ಕರೆಂಟಿಗೂ ಅದನ್ನೇ ಕಲಿಸಿದೆ."

ಇಟ್ಟ ಜಾಗ ಕದಲಬಾರದೆಂದು
ತನ್ನ ಚೀಲದ ಉಗುರುಬಣ್ಣ, ಒಂದು ತೊಟ್ಟು.
ಭಾನುವಾರಕ್ಕೆಂದು ಕೊಂಡ ಬಣ್ಣ ಯಂತ್ರಗಳಿಗೇ ಮುಗಿದು
ಅವಳ ಉಗುರು ಬರೀ ಉಗುರಾಗಿಯೇ ಉಳಿಯಿತು.
ಓರೆಸ್ತೆ ಶೀಶೆಯ ಬೆಲೆ ಕೊಡಲಿಲ್ಲ,
ಹನ್ನೊಂದು ವರ್ಷ. ಅವಳು ಲೆಕ್ಕ ಇಟ್ಟಿದ್ದಳು.

ಎಂಬತ್ತಮೂರರಲ್ಲಿ ಜಪಾನಿನ ಪೆಟ್ಟಿಗೆ ಬಂತು.
ಅರ್ಧ ಬೆಲೆ. ಎಂದೂ ತಪ್ಪದ ಶ್ರುತಿ.
ಓರೆಸ್ತೆ ರಾತ್ರಿ ಒಬ್ಬನೇ ಕೂತು ಬಿಚ್ಚಿದ.
ಒಳಗೆ ತಿರುಗಿಸಲು
ಏನೂ ಇರಲಿಲ್ಲ.

ಶೆಡ್ಡಿಗೆ ಮತ್ತೆ ಕೋಳಿ ಬಂದವು.

ನಾನು ದೆರ್ನಾಗೆ ಹೇಳದೆ ಬಂದದ್ದೊಂದಿದೆ.
ಮೊದಲ ನಾಲ್ಕು ಓರ್ನಾಗಳಲ್ಲಿ
ಕೆಂಪು ಬೊಟ್ಟನ್ನು ಕೊಳೆಯೆಂದು ಕೆರೆದು ತೆಗೆದಿದ್ದೆ,
ಹಸಿರು ಕಣ್ಣು ನೋಡಿ ಎರಡು ಸ್ವರವನ್ನೂ ಒಂದು ಮಾಡಿ
ದುಡ್ಡು ಎಣಿಸಿಕೊಂಡಿದ್ದೆ.
ಒಬ್ಬ ಗಿರಾಕಿ ವಾಪಸು ಬಂದ. ಹಾಳಾಗಿದೆ, ಅಂದ.
ಏನು ಹಾಳಾಗಿದೆ ಎಂದರೆ ಹೇಳಲು ಬರಲಿಲ್ಲ ಅವನಿಗೆ.
ಕೈಯಲ್ಲಿ ಗಾಳಿಯನ್ನು ಹೀಗೆ, ಹೀಗೆ, ಅಲೆ ಮಾಡಿ ತೋರಿಸಿದ.
ನಾನು ನಕ್ಕಿದ್ದೆ.

ಈ ಹದಿನೇಳನೆಯದರ ಒಡೆಯ ಚಿಕ್ಕ ಹುಡುಗ.
ಶ್ರುತಿ ಸ್ವಲ್ಪ ಸರಿಯಿಲ್ಲ, ನೋಡಿ, ಅನ್ನುತ್ತಾನೆ.
ಕೂತುಕೋ, ಅಂದೆ. ಇಪ್ಪತ್ತು ನಿಮಿಷ.
ಬಿಸಿಯಾಗಲಿ.
ಅವನು ಫೋನು ನೋಡುತ್ತಾನೆ, ನಾನು ಗುಂಡಿ ಒತ್ತಿ ಹಿಡಿದಿದ್ದೇನೆ.
ಬೆಕ್ಕು ಮೆಲ್ಲಗೆ ಗಂಟಲು ಸರಿಮಾಡಿಕೊಳ್ಳುತ್ತಿದೆ.

ಕಳೆದ ಹತ್ತನೆಯ ತಿರುಪಿಗೆ
ನನ್ನ ಡಬ್ಬಿಯಿಂದ ಒಂದು ಹುಡುಕಿ ಹಾಕಿದೆ.
ಜಪಾನಿನದು.
ಕೂರುತ್ತದೆ.