ಬೆನ್ನ ಹಿಂದಿನ ಕೈ

ನಿನ್ನ ಮುಖಕ್ಕಿಂತ ನಿನ್ನ ಬೆನ್ನೇ ನನಗೆ ಹೆಚ್ಚು ಗೊತ್ತು, ಮಾರ್ಲಿಸ್.
ನಾಲ್ಕು ವರ್ಷ ನೀನು ನೆಟ್ಟಿನ ಹತ್ತಿರ, ಬಾಗಿ,
ನಾನು ಹಿಂದೆ, ಗೆರೆಯಾಚೆ, ಚೆಂಡು ಪುಟಿಸುತ್ತ.
ನಿನ್ನ ಎಡಗೈ ಸೊಂಟದ ಹಿಂದೆ ಬರುತ್ತಿತ್ತು:
ಮುಷ್ಟಿ ಕಟ್ಟಿದರೆ, ಇಲ್ಲೇ ಇರುತ್ತೇನೆ;
ಬೆರಳು ಬಿಚ್ಚಿದರೆ, ಅಡ್ಡ ನುಗ್ಗುತ್ತೇನೆ,
ನನ್ನ ಜಾಗ ನೋಡಿಕೊ.
ಎದುರಿನವರಿಗೆ ಕಾಣದ ಆ ಭಾಷೆಯಲ್ಲಿ
ನೆಬ್ರಾಸ್ಕಾದ ಜೋಳದ ಬಯಲಿನ ನಡುವಿನ ಕಾಲೇಜಿಗೆ
ಎರಡು ಕಪ್ ತಂದೆವು.
ಒಂದರ ಕಿವಿ ವ್ಯಾನಿನ ಬಾಗಿಲಿಗೆ ಸಿಕ್ಕಿ ಮುರಿಯಿತು.
ಅದು ಈಗಲೂ ನನ್ನಲ್ಲಿದೆ. ಕಪ್ ಅಲ್ಲ, ಕಿವಿ.

ನಿನ್ನಪ್ಪ ಡುಲುತ್‌ನಲ್ಲಿ ಹಿಮ ಗೋರುವ ಲಾರಿ ಓಡಿಸುತ್ತಿದ್ದ.
ಹಿಮ ಜೋರಾಗಿ ಬಿದ್ದ ವರ್ಷ ರಾತ್ರಿಪಾಳಿಯ ದುಡ್ಡು,
ನಿನಗೆ ಹೊಸ ಶೂಸು.
ಬೀಳದ ವರ್ಷ ಹಳೇ ಅಟ್ಟೆಗೇ ಅಂಟು.
ಊರೆಲ್ಲ ಬಿಸಿಲು ಬೇಡುವಾಗ
ನೀನೊಬ್ಬಳು ಆಕಾಶ ಮುಚ್ಚಲಿ ಎನ್ನುತ್ತಿದ್ದೆ.

ಪದವಿಯ ಕರಿ ಗೌನು ಮಡಚುವ ಮೊದಲೇ
ಪ್ರೊಫೆಷನಲ್ ಆದೆ.
ಬ್ಯಾಂಕಿನ ಫಾರಮ್ಮಿನಲ್ಲಿ ಹಾಗೆ ಬರೆದು
ನಿನಗೇ ನಗು ಬಂತಂತೆ.
ಆಮೇಲೆ ನನ್ನ ಫೋನಿಗೆ ಒಂದೊಂದು ಸಾಲು:
ಮೊನಾಸ್ಟಿರ್. ಗಾಳಿ. ಎರಡನೇ ಸುತ್ತು.
ಅಂತಾಲ್ಯ. ಹೊಟ್ಟೆ ಕೆಟ್ಟಿದೆ. ಮೊದಲ ಸುತ್ತು.
ಹೋಟೆಲಿನ ಬೇಸಿನ್ನಿನಲ್ಲಿ ಕಾಲುಚೀಲ ಒಗೆದೆ, ಒಣಗಿಲ್ಲ, ಒದ್ದೆಯಲ್ಲೇ ಆಡಿದೆ.
ಕಾನ್ಕುನ್. ಗೆದ್ದೆ, ಗೆದ್ದೆ!
ಚೆಕ್ಕು ನೂರ ತೊಂಬತ್ತಾರು ಡಾಲರು.
ತೆರಿಗೆ ಕಳೆದು, ರ್‍ಯಾಕೆಟ್ಟಿಗೆ ತಂತಿ ಕಟ್ಟಿಸಿದ್ದಕ್ಕೆ
ಸರಿಗೆ ಸರಿ.

ನಾನು ಹಲ್ಲಿನ ಡಾಕ್ಟರಾದೆ.
ನಮ್ಮ ಊರಿಗೆ ನಾನು ನಾಲ್ಕನೆಯವಳು,
ಊರಿನಲ್ಲಿರುವವರು ನಾಲ್ಕೇ ಜನ.
ನನಗೆ ಮನೆಯಿದೆ, ದೋಣಿಯಿದೆ,
ದೋಣಿ ನಿಲ್ಲಿಸಲು ಕೆರೆಯ ದಂಡೆಯೂ ಇದೆ.
ನೀನು ಇಡೀ ಭೂಮಿಗೇ ಮುನ್ನೂರ ಎಂಬತ್ತೆಂಟನೆಯವಳು,
ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ
ಕಾಲು ಮಡಚಿ ಮಲಗುತ್ತಿದ್ದೆ.
ಈ ಲೆಕ್ಕ ಯಾರು ಬರೆದರೋ.

ಒಮ್ಮೆ ಹದಿನಾರರ ಹುಡುಗಿಯೊಬ್ಬಳ ಎದುರು
ಒಂದೇ ಪಾಯಿಂಟು ಬೇಕಿತ್ತು ನಿನಗೆ.
ಈಗ ಅವಳ ಮುಖ ವಿಮಾನ ನಿಲ್ದಾಣದ ಗೋಡೆಗಳ ಮೇಲೆ
ವಾಚು ಕಟ್ಟಿಕೊಂಡು ನಗುತ್ತದೆ.
ಅದನ್ನು ನೆನೆದು ನೀನು ಕಣ್ಣೀರಿಟ್ಟದ್ದು ನಾನು ಕಾಣೆ.
ಹೇಳಿದ್ದು ಇಷ್ಟೇ: ಆಟ ಮುಗಿದ ಮೇಲೆ ಅವಳಮ್ಮ
ಕಿತ್ತಳೆ ಸುಲಿದು ಮಗಳಿಗೆ ಅರ್ಧ, ನನಗೆ ಅರ್ಧ ಕೊಟ್ಟಳು.
ಬಹಳ ಹುಳಿ.

ಮಣಿಕಟ್ಟು ಕೈಕೊಟ್ಟದ್ದು ಇಪ್ಪತ್ತೇಳಕ್ಕೆ.
ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದಾಗ
ನಿನ್ನ ಮೂಳೆಗಳ ಸಂದಿಯಲ್ಲಿ ಯಾರೋ
ಕಾರು ಹಿಂದಕ್ಕೆ ತೆಗೆಯುತ್ತಿದ್ದರಂತೆ.
ವಿದಾಯದ ಮಾತಿಲ್ಲ, ಹೂಗುಚ್ಛವಿಲ್ಲ.
ಐನೂರು, ಒಂಬೈನೂರು, ಆಮೇಲೆ ಪಟ್ಟಿಯಲ್ಲಿ ಹೆಸರೇ ಇಲ್ಲ,
ಏಪ್ರಿಲ್ಲಿನಲ್ಲಿ ಬೇಲಿಯ ಬುಡದ ಹಿಮ
ಯಾವ ದಿನ ಹೋಯಿತೆಂದು ಹೇಳಲಾಗದ ಹಾಗೆ.

ಮೊನ್ನೆ ಮಾರ್ಚಿನಲ್ಲಿ ಡುಲುತ್‌ಗೆ ಬಂದೆ.
ಗಾಳಿ ತುಂಬಿದ ಬಿಳಿ ಗುಮ್ಮಟದೊಳಗೆ
ಎಂಟು ಮಕ್ಕಳು, ಒಂದು ಬುಟ್ಟಿ ಹಳದಿ ಚೆಂಡು, ನೀನು.
ಮೊಣಕಾಲು ಬಗ್ಗಿಸು, ಆಸ್ಟ್ರಿಡ್! ಚೆಂಡನ್ನು ನೋಡು, ಅಮ್ಮನನ್ನಲ್ಲ!
ದನಿ ಥೇಟ್ ನಮ್ಮ ಕೋಚಿನದು,
ಅವನನ್ನು ನೀನು ಎಷ್ಟು ಬೈಯುತ್ತಿದ್ದೆ.
ತರಗತಿ ಮುಗಿದಾಗ ಒಬ್ಬ ತಂದೆ,
ಮೀನು ಕಾರ್ಖಾನೆಯ ಜಾಕೆಟ್ಟಿನಲ್ಲೇ ಬಂದವನು,
ಟೋಪಿ ತೆಗೆದು ಕೈಯಲ್ಲಿ ಹಿಡಿದು ಕೇಳಿದ:
ನನ್ನ ಮಗಳು ಮುಂದೆ ಪ್ರೊಫೆಷನಲ್ ಆಗಬಹುದೇ?

ನಾನು ನಿನ್ನ ಹಿಂದಿದ್ದೆ, ಎರಡು ಲೋಟ ಕಾಫಿ ಹಿಡಿದು.
ನಿನ್ನ ಎಡಗೈ ಸೊಂಟದ ಹಿಂದೆ ಬಂತು.
ಮುಷ್ಟಿ.
ಬೆರಳು ಬಿಚ್ಚಿತು. ಮತ್ತೆ ಮುಷ್ಟಿ.
ನೀನೇನು ಹೇಳಿದೆಯೋ
ಫ್ಯಾನುಗಳ ಮೊರೆತದಲ್ಲಿ ಕೇಳಿಸಲಿಲ್ಲ.
ಮತ್ತೊಮ್ಮೆ ಬೆರಳು ಬಿಚ್ಚಿದಾಗ
ನನ್ನ ಕಾಲು ತಾನೇ ಎಡಕ್ಕೊಂದು ಹೆಜ್ಜೆ ಇಟ್ಟಿತು,
ಕಾಫಿ ತುಳುಕಿ ಕೈ ಸುಟ್ಟಿತು.